ಹುಣಸೆ ಮರದಿಂದ ಕೆರೆ ಏರಿಗೆ: ಇಬ್ಬರಿಗೊಂದು ವಸಂತದ ದಿನ

ಮದುವೆಯಾದ ಹೊಸದರಲ್ಲಿ ನನ್ನವರು "ನಿನಗೊಂದು ಸಲ ಸಮುದ್ರ ತೋರಿಸ್ತೀನಿ" ಅಂದಿದ್ದರು. ಆದರೆ ಮಧುಗಿರಿಯಿಂದ ಮಂಗಳೂರಾಗಲಿ ಕಾರವಾರವಾಗಲಿ ಬೆಳಿಗ್ಗೆ ಹೊರಟು ರಾತ್ರಿಗೆ ಮನೆ ಸೇರುವ ದೂರವಲ್ಲ. ಇಬ್ಬರಿಗೂ ಒಟ್ಟಿಗೆ ರಜೆ ಸಿಗುತ್ತಿರಲಿಲ್ಲ. ಸಿಕ್ಕಾಗ ಮನೆಯಲ್ಲಿ ಹಸು ಕರೆಯುವವರು ಇರುತ್ತಿರಲಿಲ್ಲ. ಹೀಗೆ ವರ್ಷಗಳು ಕಳೆದು, ಯುಗಾದಿ ಮುಗಿದ ಒಂದು ಭಾನುವಾರ ಬುತ್ತಿ ಕಟ್ಟಿಕೊಂಡು ಬೈಕಿನಲ್ಲಿ ಶಿರಾ ಕಡೆ ಹೊರಟೆವು. ಅಂದು ಹಕ್ಕಿಗಳಿಂದ ತುಂಬಿದ ಹುಣಸೆ ಮರಗಳನ್ನು ನೋಡಿದೆವು. ಸಂಜೆ ಕೆರೆ ಏರಿಯ ಮೇಲೆ ಕೂತು ಕತ್ತಲಾಗುವವರೆಗೆ ನೀರು ನೋಡಿದೆವು. ಅಂದಿನಿಂದ ವರ್ಷಕ್ಕೊಮ್ಮೆ ಆ ದಾರಿ ಹಿಡಿಯದೆ ನಮಗೆ ವಸಂತ ಬಂದಂತಾಗುವುದಿಲ್ಲ.

ನಮ್ಮ ಬಯಲುಸೀಮೆಯ ಹಿರಿಯರು ಕೆರೆಗೆ, ಕೆರೆಯ ಪಕ್ಕದ ಊರಿಗೆ 'ಸಮುದ್ರ', 'ಸಾಗರ' ಎಂದೇ ಹೆಸರಿಟ್ಟವರು. ಪಾವಗಡ ತಾಲ್ಲೂಕಿನಲ್ಲೇ ಬಳಸಮುದ್ರ ಎಂಬ ಊರಿದೆ. ಮಳೆ ಕಡಿಮೆ ಇರುವ ಈ ನೆಲದಲ್ಲಿ ನಿಂತ ನೀರಿಗೆ ಎಷ್ಟು ಬೆಲೆ ಎಂಬುದನ್ನು ಆ ಹೆಸರುಗಳೇ ಹೇಳುತ್ತವೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಒಂದೇ ದಿನದಲ್ಲಿ ಹೂವನ್ನೂ ನೀರನ್ನೂ ನೋಡಿ ಬರಬೇಕೆನ್ನುವ ಜೋಡಿಗಳಿಗಾಗಿ ಈ ಬರಹ. ಹೊಸದಾಗಿ ಮದುವೆಯಾದವರಿಗೂ ಸರಿ, ಮೊಮ್ಮಕ್ಕಳನ್ನು ಕಂಡವರಿಗೂ ಸರಿ.

ಯಾವಾಗ ಹೊರಡಬೇಕು

ಮಲೆನಾಡಿನಲ್ಲಿ ಮಳೆಯಾದ ಮೇಲೆ ಹಸಿರು. ನಮ್ಮಲ್ಲಿ ಮಳೆಗೆ ಮೊದಲೇ ಹೂವು. ನೆಲ ಬಿರಿದು, ಗಾಳಿ ಬಿಸಿಯಾಗಿ, ಬೋರ್‌ವೆಲ್‌ಗಳು ಉಸ್ಸೆನ್ನುವ ಹೊತ್ತಿನಲ್ಲೇ ಇಲ್ಲಿನ ಮರಗಳು ಮೈತುಂಬ ಅರಳುತ್ತವೆ. ಅದಕ್ಕೆ ಕಾರಣವಿದೆ. ಎಲೆ ಇದ್ದಷ್ಟೂ ನೀರು ಆರಿಹೋಗುತ್ತದೆ. ಹಾಗಾಗಿ ಮುತ್ತುಗ, ಬೂರುಗದಂಥ ಮರಗಳು ಬೇಸಿಗೆಗೆ ಮೊದಲು ಎಲೆ ಕೊಡವಿ, ಬೇರು ಕಾಂಡಗಳಲ್ಲಿ ಉಳಿಸಿಕೊಂಡದ್ದನ್ನೆಲ್ಲ ಹೂವಿಗೆ ಕೊಡುತ್ತವೆ. ಎಲೆಯ ಮರೆ ಇಲ್ಲದ ಹೂವು ಹಕ್ಕಿಗೂ ಜೇನಿಗೂ ದೂರದಿಂದಲೇ ಕಾಣುತ್ತದೆ. ಮುತ್ತುಗದ ಬೀಜವಂತೂ ಬಲಿತು ಉದುರುವ ಹೊತ್ತಿಗೆ ಸರಿಯಾಗಿ ಮುಂಗಾರು ಬಾಗಿಲಿಗೆ ಬಂದಿರುತ್ತದೆ.

ಯಾವ ಹೂವು ನೋಡಬೇಕೆಂದಿದ್ದೀರೋ ಅದಕ್ಕೆ ತಕ್ಕಂತೆ ದಿನ ಗೊತ್ತುಮಾಡಿಕೊಳ್ಳಿ:

ಫೆಬ್ರವರಿ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ ಮುತ್ತುಗದ ಕಾಲ. ಗುಡ್ಡದ ಬುಡದಲ್ಲಿ, ಹೊಲದ ಬದುವಿನಲ್ಲಿ ಕೆಂಡ ಹತ್ತಿಸಿಟ್ಟಂತೆ ಕಾಣುತ್ತದೆ. ಕೆಂಪು ಬೂರುಗ, ಹಾಲವಾಣ, ಬೇಲಿಸಾಲಿನ ಗೊಬ್ಬರದ ಗಿಡದ ತಿಳಿಗುಲಾಬಿ ಹೂಗಳೂ ಇದೇ ಸುಮಾರಿಗೆ. ಕಲ್ಲುಬೆಟ್ಟಗಳ ಸಂದಿನಲ್ಲಿ ಅರಿಶಿನ ಬೂರುಗ ಸಿಕ್ಕರೆ ನಿಂತು ನೋಡಿ. ಒಂದೆಲೆಯೂ ಇಲ್ಲದ ರೆಂಬೆಯ ತುದಿಯಲ್ಲಿ ಅಂಗೈಯಗಲದ ಹಳದಿ ಹೂವು ಕೂತಿರುತ್ತದೆ.

ಮಾರ್ಚ್ ಕೊನೆ ಮತ್ತು ಏಪ್ರಿಲ್, ಅಂದರೆ ಯುಗಾದಿಯ ಹಿಂದುಮುಂದಿನ ದಿನಗಳು, ಹೊಂಗೆ ಮತ್ತು ಬೇವಿನವು. ಹೊಂಗೆ ತಳಿರು ಬಿಸಿಲಿಗೆ ಎಣ್ಣೆ ಸವರಿದಂತೆ ಹೊಳೆಯುತ್ತದೆ, ಅದರ ಬೆನ್ನಿಗೇ ಹೂವು. ಬೇವಿನ ಹೂವು ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತದೆ. ಇಪ್ಪೆ ಮರವಿದ್ದರೆ ಬೆಳಗಿನ ಜಾವ ಬುಡದಲ್ಲಿ ಹೂವು ಉದುರಿರುತ್ತದೆ, ಅದರ ಸಿಹಿವಾಸನೆಯೇ ಮರವನ್ನು ತೋರಿಸಿಕೊಡುತ್ತದೆ.

ಏಪ್ರಿಲ್ ಕೊನೆಯಿಂದ ಮೇವರೆಗೆ ಕಕ್ಕೆಯ ಹಳದಿ ಗೊಂಚಲು, ಊರೊಳಗಿನ ಗುಲ್‌ಮೊಹರ್. ಆದರೆ ಆ ಹೊತ್ತಿಗೆ ಬಿಸಿಲು ಕಠಿಣ. ಹೂವು, ಹಕ್ಕಿ, ಹವೆ ಮೂರೂ ಕೂಡಿಬರುವುದು ಮಾರ್ಚ್ ಕೊನೆಯ ವಾರದಿಂದ ಏಪ್ರಿಲ್ ಎರಡನೇ ವಾರದವರೆಗೆ. ಈ ಪ್ರವಾಸಕ್ಕೆ ನಾನು ಹೇಳುವುದೂ ಆ ದಿನಗಳನ್ನೇ.

ಬರುವುದು ಹೇಗೆ

ಬೆಂಗಳೂರಿನಿಂದ ಬರುವವರು ತುಮಕೂರು ರಸ್ತೆಯಲ್ಲಿ ದಾಬಸ್‌ಪೇಟೆವರೆಗೆ ಬಂದು, ಬಲಕ್ಕೆ ತಿರುಗಿ ಕೊರಟಗೆರೆ ಮೇಲೆ ಮಧುಗಿರಿ ಸೇರಬಹುದು. ನೂರು ಕಿಲೋಮೀಟರ್ ಆಸುಪಾಸು. ಬಸ್ಸಿನಲ್ಲಾದರೆ ಬೆಂಗಳೂರು, ತುಮಕೂರು ಎರಡೂ ಕಡೆಯಿಂದ ಮಧುಗಿರಿಗೂ ಶಿರಾಕ್ಕೂ ಬಸ್ಸುಗಳಿವೆ. ರೈಲಿನಲ್ಲಿ ಬರುವವರು ತುಮಕೂರಿನಲ್ಲಿ ಇಳಿದು ಬಸ್ಸು ಹತ್ತುವುದು ಒಳ್ಳೆಯದು. ಮಧುಗಿರಿಯಿಂದ ಶಿರಾಕ್ಕೆ ಸುಮಾರು ನಲವತ್ತು ಕಿಲೋಮೀಟರ್, ಶಿರಾದಿಂದ ಕಗ್ಗಲಡುವಿಗೆ ಸುಮಾರು ಹತ್ತು. ಹಳ್ಳಿ ರಸ್ತೆಯ ಬಸ್ಸುಗಳನ್ನು ನೆಚ್ಚಿಕೊಂಡರೆ ಕಾಯುವುದರಲ್ಲೇ ಹೊತ್ತು ಹೋಗುತ್ತದೆ. ಸ್ವಂತ ಗಾಡಿ ಇಲ್ಲದವರು ಶಿರಾದಲ್ಲಿ ಆಟೋ ಮಾತಾಡಿಕೊಂಡು, ಹೋಗಿ ಬರುವುದಕ್ಕೂ ಅಲ್ಲಿ ಕಾಯುವುದಕ್ಕೂ ಸೇರಿಸಿ ಮೊದಲೇ ಬಾಡಿಗೆ ಗೊತ್ತುಮಾಡಿಕೊಳ್ಳಿ.

ಹೊರಡುವ ಮುನ್ನ ಒಂದು ಮಾತು ನೆನಪಿರಲಿ. ಈ ಸೀಮೆಯಲ್ಲಿ ದಿನವನ್ನು ನಡೆಸುವುದು ಸೂರ್ಯ. ಬೆಳಿಗ್ಗೆ ಬೆಟ್ಟ, ಹತ್ತೂವರೆಗೆ ಹಕ್ಕಿ, ನಡುಮಧ್ಯಾಹ್ನ ಮರದ ನೆರಳು, ಇಳಿಹೊತ್ತಿಗೆ ಊರು, ಸಂಜೆಗೆ ಕೆರೆ. ಈ ಕ್ರಮ ತಪ್ಪಿಸಿ ಮಧ್ಯಾಹ್ನ ಬೆಟ್ಟ ಹತ್ತಿದ ಜೋಡಿಗಳು ಮುಖ ಊದಿಸಿಕೊಂಡು ಇಳಿಯುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ಬೆಳಿಗ್ಗೆ ಆರಕ್ಕೆ: ಮಧುಗಿರಿ ಬೆಟ್ಟ

ಮಧುಗಿರಿ ಬೆಟ್ಟ ಒಂದೇ ಬಂಡೆ. ಸಮುದ್ರಮಟ್ಟದಿಂದ ಅದರ ನೆತ್ತಿಯ ಎತ್ತರ 3,930 ಅಡಿ. ಊರಿನ ಬೀದಿಯಲ್ಲಿ ನಿಂತು ಕತ್ತೆತ್ತಿದರೆ ಅರ್ಧ ಆಕಾಶ ಅದರದ್ದೇ. ಬೆಟ್ಟದ ಮೇಲೆ ನೀರು ಸಿಕ್ಕ ಕತೆಯೊಂದು ಈ ಕಡೆ ಹಳೆಯದು. ಮದ್ದ ಎಂಬ ಕುರಿಗಾಹಿಯ ಕುರಿಯೊಂದು ತಪ್ಪಿಸಿಕೊಂಡು ಬೆಟ್ಟ ಹತ್ತಿ, ತೊಯ್ದ ಮೈಯಲ್ಲಿ ನೀರು ತೊಟ್ಟಿಕ್ಕಿಸುತ್ತ ಇಳಿದು ಬಂತಂತೆ. ಮೇಲೆ ಒರತೆ ಇದೆಯೆಂದು ಹಾಗೆ ತಿಳಿದು, ಪಾಳೆಯಗಾರ ಹಿರೇಗೌಡ ಅಲ್ಲಿ ಕೋಟೆ ಕಟ್ಟಿಸಿದನಂತೆ. ಊರಿನ ಹಳೆಯ ಹೆಸರು ಮದ್ದಗಿರಿ. ಮುಂದೆ ಹೈದರಾಲಿ ಕೋಟೆಯನ್ನು ಬಲಪಡಿಸಿದ. ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು ಎಂಬ ಹೆಸರುಗಳು ಇಂದಿಗೂ ಉಳಿದಿವೆ. ಬಂಡೆಯ ತಗ್ಗುಗಳಲ್ಲಿ ನೀರು ನಿಲ್ಲುವ ದೊಣೆಗಳೂ ಇವೆ.

ನೆತ್ತಿಯವರೆಗೆ ಹತ್ತಲೇಬೇಕೆಂಬ ಹಟ ಬೇಡ. ಮೊದಲ ಭಾಗದಲ್ಲಿ ಮೆಟ್ಟಿಲು, ಕೋಟೆ ಬಾಗಿಲುಗಳು. ಆಮೇಲೆ ಕಡಿದಾದ ಬೋಳು ಬಂಡೆ, ಅಲ್ಲಲ್ಲಿ ಕಾಲಿಡಲು ಕೊರೆದ ಗುರುತು, ಹಿಡಿಯಲು ಕಂಬಿ. ಪೂರ್ತಿ ಹತ್ತಿ ಇಳಿಯಲು ನಾಲ್ಕು ಗಂಟೆಯಾದರೂ ಬೇಕು. ಈ ದಿನದ ಲೆಕ್ಕಕ್ಕೆ ಒಂದು ಗಂಟೆ ಹತ್ತಿ, ಗಾಳಿ ಬೀಸುವ ಕೋಟೆಗೋಡೆಯ ಬಳಿ ಕೂತು, ಎಂಟೂವರೆಗೆ ಇಳಿದುಬಿಡಿ. ಅಲ್ಲಿಂದ ಕಣ್ಣಿಗೆ ಬೀಳುವುದು ಗುಡ್ಡಗಳು, ಕೆರೆಗಳ ಕನ್ನಡಿ ಚೂರುಗಳು, ಕೆಂಪು ಹೊಲಗಳ ನಡುವೆ ಹೊಂಗೆ ಹುಣಸೆಗಳ ದುಂಡು ತಲೆಗಳು. ದಿನವಿಡೀ ಹೋಗಬೇಕಾದ ದಾರಿಯನ್ನು ಮೇಲಿನಿಂದ ಒಮ್ಮೆ ಓದಿಕೊಂಡಂತೆ.

ಇಲ್ಲಿ ಎಚ್ಚರದ ಮಾತು ಮೂರು. ಹಿಡಿತ ಚೆನ್ನಾಗಿರುವ ಶೂ ಇಲ್ಲದೆ ಹತ್ತಬೇಡಿ, ಮಳೆ ಬಿದ್ದ ದಿನವಂತೂ ಬಂಡೆಗೆ ಕಾಲೇ ಇಡಬೇಡಿ. ತಲಾ ಎರಡು ಲೀಟರ್ ನೀರು ಕೆಳಗಿನಿಂದಲೇ ಒಯ್ಯಿರಿ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಹೂವಿನ ಕಾಲ ಎಂದರೆ ಹೆಜ್ಜೇನಿನ ಕಾಲವೂ ಹೌದು. ಬಂಡೆಯ ಮರೆಯಲ್ಲಿ ಅವು ಹುಟ್ಟಿ ಕಟ್ಟುತ್ತವೆ. ಸೆಂಟು ಹಾಕಿಕೊಂಡು ಹೋಗಬೇಡಿ, ಬೀಡಿ ಸಿಗರೇಟು ಹಚ್ಚಬೇಡಿ, ಕೂಗಿ ಪ್ರತಿಧ್ವನಿ ಕೇಳುವ ಆಸೆ ಬೇಡ. ಅಕಸ್ಮಾತ್ ಎದ್ದರೆ ಕೈ ಬೀಸದೆ, ಸೆರಗೋ ಟವೆಲ್ಲೋ ತಲೆ ಮುಖಕ್ಕೆ ಮುಚ್ಚಿಕೊಂಡು ಅಲ್ಲಿಂದ ದೂರ ಸರಿಯಿರಿ. ಕುಟುಕಿದ ಮುಳ್ಳನ್ನು ಉಗುರಿನಿಂದ ಕೆರೆದು ತೆಗೆದು ತಡಮಾಡದೆ ವೈದ್ಯರ ಬಳಿ ಹೋಗಿ.

ಇಳಿದ ಮೇಲೆ ಬೆಟ್ಟದ ಬುಡದ ವೆಂಕಟರಮಣ, ಮಲ್ಲೇಶ್ವರ ದೇವಸ್ಥಾನಗಳಲ್ಲಿ ಕೈಮುಗಿದು, ಪೇಟೆಯಲ್ಲಿ ತಟ್ಟೆ ಇಡ್ಲಿ ತಿಂದು ಹೊರಡಿ. ಊರಿನ ದಂಡಿನ ಮಾರಮ್ಮನ ಜಾತ್ರೆ ದಿನಗಳಲ್ಲಿ ಬಂದರೆ ಗಾಡಿ ನಿಲ್ಲಿಸಲು ಜಾಗ ಸಿಗುವುದು ಕಷ್ಟ. ಒಮ್ಮೆ ವಿಚಾರಿಸಿಕೊಂಡು ಬನ್ನಿ.

ದಾರಿಯ ಮರಗಳು

ಮಧುಗಿರಿಯಿಂದ ಬಡವನಹಳ್ಳಿ ಮೇಲೆ ಶಿರಾ ದಾರಿ. ಇಲ್ಲಿ ನಲವತ್ತಕ್ಕಿಂತ ವೇಗವಾಗಿ ಹೋದವರಿಗೆ ಏನೂ ಕಾಣುವುದಿಲ್ಲ. ಒಳ್ಳೆಯದೊಂದು ಹೊಂಗೆ ಮರ ಕಂಡ ಕಡೆ ಗಾಡಿ ರಸ್ತೆಯಿಂದ ಇಳಿಸಿ, ಹತ್ತು ನಿಮಿಷ ಅದರ ಕೆಳಗೆ ನಿಲ್ಲಿ.

ದೂರಕ್ಕೆ ಹೊಂಗೆ ಹೂವು ಬರೀ ಬೂದುಬಿಳಿ ಮಂಜು. ಒಂದನ್ನು ಅಂಗೈಗೆ ತೆಗೆದುಕೊಂಡರೆ ಅವರೆ ಹೂವಿನ ಆಕಾರ, ಬಿಳಿ ಎಸಳಿಗೆ ತಿಳಿನೇರಳೆ ಛಾಯೆ, ಕಡುಗಂದು ತೊಟ್ಟು. ಜೇನುಹುಳ ಬಂದು ಕೂತೊಡನೆ ಅದರ ಭಾರಕ್ಕೆ ಕೆಳಗಿನ ಎಸಳು ಬಾಗುತ್ತದೆ, ಒಳಗಿನ ಪರಾಗ ಹುಳದ ಹೊಟ್ಟೆಗೆ ಮೆತ್ತುತ್ತದೆ. ಇಡೀ ಮರ ಗುಂಯ್‌ಗುಡುತ್ತಿರುತ್ತದೆ. ಗಾಳಿ ಬೀಸಿದಾಗ ಒಣ ಎಲೆಯ ಮೇಲೆ ಹೂವು ಉದುರುವ ಸದ್ದು ಹೊಸದಾಗಿ ಹನಿಯುವ ಮಳೆಯಂತೆ. ಮೊದಲ ಸಲ ಕೇಳಿದಾಗ ನಾನು ನಿಜವಾಗಿ ಆಕಾಶ ನೋಡಿದ್ದೆ.

ಹೊಂಗೆ ನೆರಳು ತಾಯಿ ಮಡಿಲು ಅನ್ನುತ್ತಾರೆ. ರೈತರಿಗೆ ಅದರ ಸೊಪ್ಪು ಗೊಬ್ಬರ, ಬೀಜ ಎಣ್ಣೆ, ಹಿಂಡಿ ಹೊಲಕ್ಕೆ. ಉದುರಿದ ಹೂವೂ ಮಣ್ಣಿಗೆ ಮೇವು. ಅದಕ್ಕೇ ಬದುವಿನ ಹೊಂಗೆಯನ್ನು ಯಾರೂ ಸುಮ್ಮನೆ ಕಡಿಯುವುದಿಲ್ಲ. ಮುತ್ತುಗವೂ ಹಾಗೆಯೇ. ಅದರ ಎಲೆ ಊಟದೆಲೆ, ಹೂವು ಬಣ್ಣ. ನೋಡಿ, ಮುಟ್ಟಿ, ಮೂಸಿ. ರೆಂಬೆ ಮುರಿದು ಗಾಡಿಗೆ ಸಿಕ್ಕಿಸಿಕೊಳ್ಳಬೇಡಿ. ಮುಡಿಯಲೇಬೇಕು ಅನಿಸಿದರೆ ಬುಡದಲ್ಲಿ ಬಿದ್ದ ಮುತ್ತುಗದ ಹೂವು ಸಾಕು.

ಇದೇ ದಿನಗಳಲ್ಲಿ ದಾರಿಯುದ್ದಕ್ಕೂ ಹುಣಸೆ ಬಡಿಯುವವರು ಸಿಗುತ್ತಾರೆ. ಗಂಡಸರು ಮರದ ಮೇಲೆ ಗಳ ಹಿಡಿದಿದ್ದರೆ ಹೆಂಗಸರು ಕೆಳಗೆ ಆಯುತ್ತಿರುತ್ತಾರೆ. ಮಾತಾಡಿಸಿದರೆ ಒಂದು ಹಿಡಿ ಹಣ್ಣು ಕೊಡದೆ ಕಳಿಸುವುದಿಲ್ಲ. ಹುಣಸೆ ಚಿಗುರು ಸಿಗುವುದೂ ಈಗಲೇ. ಒಂದು ಮುಷ್ಟಿ ತೆಗೆದುಕೊಂಡು ಹೋದರೆ ನಾಳೆಯ ಸಾರಿಗಾಯಿತು.

ಹತ್ತೂವರೆಗೆ: ಕಗ್ಗಲಡುವಿನ ಹುಣಸೆ ಮರಗಳು

ಕಗ್ಗಲಡು ಶಿರಾ ತಾಲ್ಲೂಕಿನ ಸಣ್ಣ ಊರು. ಮನೆಗಳ ನಡುವೆ, ಬೀದಿ ಬದಿಯಲ್ಲಿ ಹಳೆಯ ಹುಣಸೆ ಮರಗಳು. ಅವುಗಳ ನೆತ್ತಿಯ ತುಂಬ ಬಣ್ಣದ ಕೊಕ್ಕರೆಗಳ ಗೂಡು. ಜೊತೆಗೆ ಬೂದು ಬಕಗಳು. ತುಮಕೂರಿನ ಪಕ್ಷಿಪ್ರಿಯರ ಮೂಲಕ 1999ರಲ್ಲಿ ಹೊರಜಗತ್ತಿಗೆ ಗೊತ್ತಾದ ತಾಣ ಇದು. ಆದರೆ ಊರಿನವರಿಗೆ ಅದಕ್ಕೂ ಮೊದಲಿಂದಲೇ ಇವು ಮನೆಯ ನೆಂಟರು. ವರ್ಷದ ಮೊದಲ ತಿಂಗಳುಗಳಲ್ಲಿ ಬಂದು ಗೂಡು ಕಟ್ಟುತ್ತವೆ, ಮಾರ್ಚ್–ಏಪ್ರಿಲ್ ಹೊತ್ತಿಗೆ ಮರಿಗಳಾಗಿರುತ್ತವೆ, ಆಗಸ್ಟ್ ಸುಮಾರಿಗೆ ಮರಿಗಳು ರೆಕ್ಕೆ ಬಲಿತು ಹೊರಟುಹೋಗುತ್ತವೆ. ಹಕ್ಕಿ ಕೂತ ಮರದ ಹುಣಸೆ ಹಣ್ಣನ್ನು ಊರಿನವರು ಬಡಿಯುವುದಿಲ್ಲ. ಹುಣಸೆಯೇ ಕೈಕಾಸಾಗಿರುವ ಸೀಮೆಯಲ್ಲಿ ಹೀಗೆ ಬಿಟ್ಟುಕೊಡುವುದು ಸಣ್ಣ ಮಾತಲ್ಲ.

ಹಕ್ಕಿಯನ್ನು ಗುರುತಿಸುವುದು ಸುಲಭ. ಮೈ ಬಿಳಿ, ಎದೆಗೆ ಕಪ್ಪು ಬಿಳುಪಿನ ಪಟ್ಟಿ, ಹಳದಿ ಉದ್ದ ಕೊಕ್ಕು, ಕಿತ್ತಳೆ ಬಣ್ಣದ ಬೋಳು ಮುಖ. ಬಾಲದ ಹತ್ತಿರ ರವಿಕೆಯ ಅಂಚಿನಂಥ ಗುಲಾಬಿ. ಬೆಳೆದ ಹಕ್ಕಿಗೆ ಹೆಚ್ಚು ಕೂಗಿಲ್ಲ. ಗಂಡು ಹೆಣ್ಣು ಎದುರುಬದುರು ನಿಂತು ಕೊಕ್ಕು ಬಡಿದು ಟಕಟಕ ಸದ್ದು ಮಾಡುತ್ತವೆ. ಕಿವಿ ತುಂಬುವ ಗಲಾಟೆಯೆಲ್ಲ ಹಸಿದ ಮರಿಗಳದ್ದು.

ನಾವು ಮೊದಲ ಸಲ ಹೋದಾಗ ಹನ್ನೊಂದು ದಾಟಿತ್ತು. ಬಿಸಿಲು ಚುರುಗುಟ್ಟುತ್ತಿತ್ತು. ಒಂದು ಗೂಡಿನಲ್ಲಿ ಮೂರು ಮರಿ, ಬೂದು ಬಣ್ಣದ ತುಪ್ಪುಳ. ತಾಯಿಯೋ ತಂದೆಯೋ, ಒಂದು ಹಕ್ಕಿ ಬಿಸಿಲಿಗೆ ಬೆನ್ನು ಕೊಟ್ಟು ಎರಡೂ ರೆಕ್ಕೆಯನ್ನು ಅರ್ಧ ಬಿಚ್ಚಿ ಅಲ್ಲಾಡದೆ ನಿಂತಿತ್ತು. ಅದು ರೆಕ್ಕೆ ಒಣಗಿಸಿಕೊಳ್ಳುತ್ತಿದೆ ಅಂದುಕೊಂಡೆ. ನನ್ನವರು ಮೆಲ್ಲಗೆ, "ನೋಡೇ, ಅದರ ನೆರಳು ಎಲ್ಲಿ ಬಿದ್ದಿದೆ ನೋಡು" ಅಂದರು. ನೆರಳು ಸರಿಯಾಗಿ ಮೂರೂ ಮರಿಗಳ ಮೇಲಿತ್ತು. ಸೂರ್ಯ ಸರಿದಂತೆ ಹಕ್ಕಿಯೂ ಒಂದಿಷ್ಟು ತಿರುಗುತ್ತಿತ್ತು. ಸ್ವಲ್ಪ ಹೊತ್ತಿಗೆ ಅದರ ಜೋಡಿ ಬಂದಿಳಿದು ಮರಿಗಳ ಮೇಲೆ ಬಾಗಿತು. ಕೊಕ್ಕಿನಿಂದ ನೀರು ಸುರಿಯಿತು. ಎಲ್ಲಿಯದೋ ಕೆರೆಯ ನೀರನ್ನು ಗಂಟಲಲ್ಲಿ ತುಂಬಿಕೊಂಡು ತಂದಿತ್ತು. ನೀರಿಳಿಸಿದ ಹಕ್ಕಿ ನೆರಳಿಗೆ ನಿಂತಿತು, ನೆರಳಿಗೆ ನಿಂತಿದ್ದದ್ದು ಹಾರಿತು. "ರೀ, ಪಾಳಿ ಬದಲಾಯ್ತು" ಅಂದೆ. ಅವರು ಮಾತಾಡಲಿಲ್ಲ, ತಮ್ಮ ತಲೆಯ ಟವೆಲ್ ತೆಗೆದು ನನ್ನ ತಲೆಗೆ ಹಾಕಿದರು.

ಈ ಹಕ್ಕಿಗಳಲ್ಲಿ ಗೂಡು ಕಟ್ಟುವುದು, ಕಾವು ಕೂರುವುದು, ಉಣಿಸುವುದು ಎಲ್ಲವೂ ಇಬ್ಬರದು. ಅವುಗಳ ಬಾಳು ನಿಂತಿರುವುದು ಮರ, ನೀರು ಎರಡರ ಮೇಲೂ. ಗೂಡಿಗೆ ಹುಣಸೆ ಬೇಕು, ಮೀನಿಗೆ ಸುತ್ತಲ ಕೆರೆಗಳ ತೆಳುನೀರು ಬೇಕು. ಕೊಕ್ಕು ಅರ್ಧ ತೆರೆದು ನೀರಿನಲ್ಲಿ ಆಡಿಸುತ್ತ, ಮೀನು ತಗುಲಿದೊಡನೆ ಮುಚ್ಚಿ ಹಿಡಿಯುವುದು ಅವುಗಳ ಬೇಟೆಯ ಕ್ರಮ. ಮಳೆ ಕೈಕೊಟ್ಟು ಕೆರೆ ಬತ್ತಿದರೆ ಮರಗಳು ಇದ್ದಲ್ಲೇ ಇದ್ದರೂ ಹಕ್ಕಿ ಉಳಿಯದು. ಆದ್ದರಿಂದ ಹೊರಡುವ ಮೊದಲು ಶಿರಾ ಕಡೆಯ ಪರಿಚಯದವರಿಗೋ ಅರಣ್ಯ ಇಲಾಖೆಯ ಕಚೇರಿಗೋ ಫೋನ್ ಮಾಡಿ ಈ ವರ್ಷ ಹಕ್ಕಿ ಬಂದಿವೆಯೇ ಎಂದು ಕೇಳಿಕೊಳ್ಳಿ.

ಅಲ್ಲಿ ನಡೆದುಕೊಳ್ಳುವ ರೀತಿ: ಗಾಡಿಯನ್ನು ಮರದಿಂದ ದೂರ ನಿಲ್ಲಿಸಿ. ಹಾರ್ನ್, ಪಟಾಕಿ, ಡ್ರೋನ್ ಬೇಡವೇ ಬೇಡ. ಹೆದರಿ ಎದ್ದ ಹಕ್ಕಿಯ ಗೂಡಿನಿಂದ ಮರಿ ಕೆಳಗೆ ಬೀಳುತ್ತದೆ, ಬಿಸಿಲಿಗೆ ಬಿದ್ದ ಮೊಟ್ಟೆ ಕೆಡುತ್ತದೆ. ಮರದ ನೇರ ಕೆಳಗೆ ನಿಂತರೆ ಬಟ್ಟೆ ಹಾಳಾಗುತ್ತದೆ. ಮರಿ ಬಿದ್ದದ್ದು ಕಂಡರೆ ನೀವೇ ಎತ್ತಬೇಡಿ, ಊರಿನವರಿಗೆ ಹೇಳಿ. ದುರ್ಬೀನು ಇದ್ದರೆ ತನ್ನಿ, ಇಲ್ಲದಿದ್ದರೂ ಬರಿಗಣ್ಣಿಗೆ ಚೆನ್ನಾಗಿ ಕಾಣುತ್ತವೆ. ಯಾರದೋ ಮನೆಯ ಜಗಲಿಯಲ್ಲಿ ನಿಂತು ನೋಡುತ್ತೀರಿ ಎಂಬುದು ನೆನಪಿರಲಿ. "ಅಕ್ಕಾ, ಇಲ್ಲಿ ನಿಂತ್ಕೊಳ್ಳಬಹುದಾ" ಎಂದು ಕೇಳಿದರೆ ನೀರಿನ ಚೊಂಬೂ ಬರುತ್ತದೆ, ಹಕ್ಕಿಯ ಕತೆಯೂ ಬರುತ್ತದೆ.

ಹನ್ನೆರಡರಿಂದ ಮೂರು: ನೆರಳು, ಬುತ್ತಿ, ನಿದ್ದೆ

ಈ ಮೂರು ಗಂಟೆ ಎಲ್ಲಿಗೂ ಹೋಗಬೇಡಿ. ಇದೂ ಪ್ರವಾಸದ ಭಾಗವೇ. ಊರಾಚೆಯ ಹೊಂಗೆ ತೋಪೋ ಅರಳಿಕಟ್ಟೆಯೋ ನೋಡಿಕೊಂಡು ಜಮಖಾನ ಹಾಸಿ. ಹೊಲ ತೋಟದವರನ್ನು ಕೇಳದೆ ಒಳಗೆ ಹೋಗಬೇಡಿ.

ಬಿಸಿಲಿಗೆ ಕೆಡದ ಬುತ್ತಿ ಕಟ್ಟಿಕೊಳ್ಳಿ. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ, ಮಾವಿನಕಾಯಿ ಚಿತ್ರಾನ್ನ, ಹುರಿದ ಕಡಲೆಕಾಯಿ. ಕಾಯಿಚಟ್ನಿ, ಮೊಸರನ್ನ ಮಧ್ಯಾಹ್ನದ ಹೊತ್ತಿಗೆ ಹುಳಿಯುತ್ತವೆ, ಅವು ಬೇಡ. ಮಜ್ಜಿಗೆಗೆ ಉಪ್ಪು, ಶುಂಠಿ, ಕರಿಬೇವು ಹಾಕಿ ತಣ್ಣನೆಯ ಫ್ಲಾಸ್ಕಿನಲ್ಲಿ ಒಯ್ದರೆ ಜೀವ ಬರುತ್ತದೆ. ದಾರಿಯಲ್ಲಿ ಎಳನೀರು, ಕಲ್ಲಂಗಡಿ ಸಿಗುತ್ತವೆ. ಕತ್ತರಿಸಿಟ್ಟ ಹಣ್ಣಿಗಿಂತ ಎದುರಿಗೆ ಕುಯ್ಯಿಸಿಕೊಂಡದ್ದು ಮೇಲು. ಇಬ್ಬರಿಗೆ ಒಟ್ಟು ಆರು ಲೀಟರ್ ನೀರು ಇರಲಿ. ತಲೆಸುತ್ತು, ವಾಕರಿಕೆ ಬಂದರೆ ಬಿಸಿಲಿನ ಏಟು ಎಂದೇ ತಿಳಿದು ನೆರಳಿನಲ್ಲಿ ಮಲಗಿಸಿ, ಒದ್ದೆ ಬಟ್ಟೆ ಹಾಕಿ, ಓಆರ್‌ಎಸ್ ಕುಡಿಸಿ. ಪ್ರಜ್ಞೆ ಮಂಕಾದರೆ ಕುಡಿಸಲು ಹೋಗದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಊಟವಾದ ಮೇಲೆ ಮೊಬೈಲ್ ಒಳಗಿಟ್ಟು ಸುಮ್ಮನೆ ಮಲಗಿ. ಮನೆಯಲ್ಲಿ ಆಡಲು ಹೊತ್ತೇ ಸಿಗದ ಮಾತುಗಳು ಈ ನೆರಳಿನಲ್ಲಿ ತಾವಾಗಿ ಬರುತ್ತವೆ.

ಮೂರೂವರೆಗೆ: ಶಿರಾ ಪೇಟೆ

ಶಿರಾ ಕೋಟೆಗೆ ಬುನಾದಿ ಹಾಕಿದವನು ರತ್ನಗಿರಿಯ ಕಸ್ತೂರಿ ರಂಗಪ್ಪ ನಾಯಕ. ಮುಂದೆ ಊರು ಬಿಜಾಪುರದವರ ಕೈಸೇರಿ, 1687ರ ನಂತರ ಮೊಘಲರ ಸುಬಾ ಅಂದರೆ ಪ್ರಾಂತ್ಯದ ರಾಜಧಾನಿಯಾಯಿತು. 1761ರಲ್ಲಿ ಹೈದರಾಲಿಗೆ ಬಂತು. ನೋಡಲು ಎರಡು ಕಟ್ಟಡ ಸಾಕು: 1651ರ ಮಲಿಕ್ ರಿಹಾನ್ ದರ್ಗಾ, 1696ರ ಜುಮ್ಮಾ ಮಸೀದಿ. ನುಣುಪಾಗಿ ಕೆತ್ತಿದ ಕಲ್ಲಿನ ಮೇಲೆ ಇಳಿಬಿಸಿಲು ಬೀಳುವ ಹೊತ್ತಿಗೆ ಹೋಗಿ. ಪ್ರಾರ್ಥನೆಯ ವೇಳೆ ತಪ್ಪಿಸಿ, ಚಪ್ಪಲಿ ಹೊರಗೆ ಬಿಟ್ಟು, ತಲೆಗೆ ಬಟ್ಟೆ ಹಾಕಿಕೊಂಡು ಒಳಹೋಗಿ.

ಹೂವಿನ ಕಣ್ಣಿನಿಂದ ನೋಡುವವರಿಗೆ ಶಿರಾದ ಇನ್ನೊಂದು ಕತೆ ತಿಳಿದಿರಬೇಕು. ಇಲ್ಲಿ ಖಾನ್‌ಬಾಗ್ ಎಂಬ ತೋಟವಿತ್ತು. ಬೆಂಗಳೂರಿನ ಲಾಲ್‌ಬಾಗ್ ಮಾಡಿಸಲು ಅದೇ ಪ್ರೇರಣೆಯಾಗಿರಬಹುದು ಎಂಬ ಮಾತು ಹಳೆಯ ಗೆಜೆಟಿಯರ್‌ನಲ್ಲಿದೆ. ಇಲ್ಲಿನ ನವಾಬ ದಿಲಾವರ್ ಖಾನನ ಅರಮನೆ ಬೆಂಗಳೂರು, ಶ್ರೀರಂಗಪಟ್ಟಣದ ಅರಮನೆಗಳಿಗೆ ಮಾದರಿಯಾಯಿತು ಎಂದೂ ಹೇಳುತ್ತಾರೆ. ನಾಡಿಗೇ ಹೆಸರಾದ ಹೂದೋಟದ ಬೇರು ಈ ಒಣಸೀಮೆಯಲ್ಲಿರಬಹುದು ಎಂದು ನೆನೆದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ.

ಬೇರೆ ದಾರಿಗಳು

ಒಂದೇ ದಿನಕ್ಕೆ ನಾಲ್ಕೂ ತಾಲ್ಲೂಕು ಸುತ್ತಬೇಡಿ. ಬೇರೆ ಬೇರೆ ವರ್ಷಕ್ಕೆ ಒಂದೊಂದು ಇಟ್ಟುಕೊಳ್ಳಿ.

ಕೊರಟಗೆರೆ ಕಡೆ: ದೈವಭಕ್ತಿ ಇರುವವರಿಗೂ ಬೆಟ್ಟ ಇಷ್ಟಪಡುವವರಿಗೂ ಇದು ಹೊಂದುತ್ತದೆ. ಬೆಳಿಗ್ಗೆ ಸಿದ್ಧರಬೆಟ್ಟ. ಗಿಡಮೂಲಿಕೆಗಳಿಗೆ ಹೆಸರಾದ ಈ ಬೆಟ್ಟದ ಗುಹೆಯಲ್ಲಿ ಸಿದ್ಧೇಶ್ವರನ ಸನ್ನಿಧಿ. ಸಂಜೆ ಗೊರವನಹಳ್ಳಿ ಮಹಾಲಕ್ಷ್ಮಿ ದರ್ಶನ, ಪಕ್ಕದಲ್ಲೇ ತೀತಾ ಜಲಾಶಯ. ಶುಕ್ರವಾರ ಜನ ಹೆಚ್ಚು. ಇಲ್ಲಿನ ಜಯಮಂಗಲಿ ದೇವರಾಯನದುರ್ಗದಲ್ಲಿ ಹುಟ್ಟಿ, ಕೊರಟಗೆರೆ ಮಧುಗಿರಿ ದಾಟಿ, ಉತ್ತರ ಪಿನಾಕಿನಿಯನ್ನು ಸೇರಿ, ನೆಲ್ಲೂರಿನ ಕಡೆ ಬಂಗಾಳ ಕೊಲ್ಲಿಗೆ ಹೋಗುವ ನದಿ. ಬೇಸಿಗೆಯಲ್ಲಿ ಬರೀ ಮರಳು. ಆದರೂ ಆ ಮರಳಿನ ಮೇಲೆ ಬರಿಗಾಲಲ್ಲಿ ನಡೆದರೆ ನೀವು ನಿಂತಿರುವುದು ಸಮುದ್ರದ ದಾರಿಯಲ್ಲೇ.

ಮೈದನಹಳ್ಳಿ, ಪಾವಗಡ ಕಡೆ: ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಿದೆ. 798 ಎಕರೆ ಹುಲ್ಲುಗಾವಲು. ಸುರುಳಿ ಕೊಂಬಿನ ಕರಿಗಂಡು ಮುಂದೆ, ಕಂದು ಹೆಣ್ಣುಗಳ ಹಿಂಡು ಹಿಂದೆ. ಸೂರ್ಯ ಹುಟ್ಟುವಾಗಲೇ ಅಲ್ಲಿರಬೇಕು, ಅರಣ್ಯ ಇಲಾಖೆಯವರನ್ನು ಕೇಳಿಯೇ ಒಳಹೋಗಬೇಕು, ಗಾಡಿಯಲ್ಲಿ ಜಿಂಕೆಯ ಬೆನ್ನು ಹತ್ತಬಾರದು. ಅಲ್ಲಿಂದ ಪಾವಗಡಕ್ಕೆ ಹೋದರೆ ಕೋಟೆ ಬೆಟ್ಟ, ಶನಿಮಹಾತ್ಮನ ಗುಡಿ. ತಿರುಮಣಿ ಕಡೆ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ದೂರದಿಂದ ಆ ನೀಲಿ ಫಲಕಗಳ ಹರವು ಥೇಟ್ ನೀರಿನಂತೆ ಕಾಣುತ್ತದೆ. ಮಳೆ ಕೊಡದ ಆಕಾಶ ಅಲ್ಲಿ ವಿದ್ಯುತ್ ಕೊಡುತ್ತಿದೆ.

ದೊಡ್ಡ ನೀರೇ ಬೇಕೆನ್ನುವವರಿಗೆ: ಶಿರಾದಿಂದ ಹಿರಿಯೂರು ದಾಟಿ ಮಾರಿಕಣಿವೆ, ಅಂದರೆ ವಾಣಿ ವಿಲಾಸ ಸಾಗರ. 1907ರಲ್ಲಿ ಕಟ್ಟಿ ಮುಗಿದ ಅಣೆಕಟ್ಟು. 1933ರ ನಂತರ ಮತ್ತೆ ಮೊದಲು ಕೋಡಿ ಬಿದ್ದದ್ದು 2022ರಲ್ಲಿ. ಎರಡು ಗುಡ್ಡಗಳ ನಡುವೆ ದಡ ಕಾಣದಷ್ಟು ನೀರು. ಅಲ್ಲಿಗೆ ಹೋಗುವವರು ಶಿರಾ ಪೇಟೆ ಬಿಟ್ಟು, ಮಧ್ಯಾಹ್ನದ ನೆರಳಿನಿಂದ ನೇರ ಹೊರಡಬೇಕು.

ಐದೂವರೆಗೆ: ಕೆರೆ ಏರಿ

ಶಿರಾ ಪೇಟೆ ನೋಡಿದವರು ಸಂಜೆ ಐದೂವರೆ ಹೊತ್ತಿಗೆ ಊರಿನ ದೊಡ್ಡ ಕೆರೆಗೆ ಬನ್ನಿ. ಬೆಂಗಳೂರಿನ ದಾರಿಯಲ್ಲೇ ಮರಳುವವರಿಗೆ ಹೆದ್ದಾರಿ ಪಕ್ಕದ ಕಳ್ಳಂಬೆಳ್ಳ ಕೆರೆಯೂ ಆಗುತ್ತದೆ. ಎರಡಕ್ಕೂ ಹೇಮಾವತಿ ನಾಲೆಯ ನೀರು ಹರಿಯುತ್ತದೆ. ಪಶ್ಚಿಮಘಟ್ಟದಲ್ಲಿ ಹುಟ್ಟಿದ ಹೊಳೆ ನಮ್ಮ ಒಣನೆಲದವರೆಗೆ ಬಂದು ನಿಂತದ್ದು. ನೀರು ಹರಿದ ವರ್ಷ ಕೆರೆಯಂಗಳ ತುಂಬಿರುತ್ತದೆ, ಹರಿಯದ ವರ್ಷ ಜಾಲಿ ಬೆಳೆದಿರುತ್ತದೆ. ಮಳೆ ಚೆನ್ನಾಗಿ ಆದ ವರ್ಷದ ಮರುವಸಂತವನ್ನು ಆರಿಸಿಕೊಂಡರೆ ನಿಮ್ಮ ಸಂಜೆ ಸಾರ್ಥಕ.

ಏರಿಯ ಮೇಲೆ ಕೂತುಕೊಳ್ಳಿ. ನೀರಿಗೆ ಇಳಿಯಬೇಡಿ. ಹೂಳು ಮೇಲಿಂದ ಗೊತ್ತಾಗುವುದಿಲ್ಲ, ತೂಬಿನ ಹತ್ತಿರ ಸೆಳೆತವಿರುತ್ತದೆ, ಮಣ್ಣು ತೆಗೆದ ಗುಂಡಿಗಳೂ ಇರುತ್ತವೆ. ಎಷ್ಟೋ ಜೀವ ಹೋಗುವುದು ಸೆಲ್ಫಿಯ ಒಂದು ಹೆಜ್ಜೆಯಲ್ಲಿ. ತಿಂದ ಕವರು, ಬಾಟಲಿ ಎಲ್ಲ ನಿಮ್ಮ ಚೀಲಕ್ಕೇ ವಾಪಸ್ಸು ಬರಲಿ. ಕತ್ತಲು ಕವಿಯುವ ಮೊದಲೇ ಏರಿ ಇಳಿದು ಜನ ಓಡಾಡುವ ರಸ್ತೆ ಸೇರಿ. ರಾತ್ರಿ ಹೆದ್ದಾರಿಯಲ್ಲಿ ಲಾರಿಗಳ ಓಡಾಟ ಜೋರು. ಬೈಕಿನವರು ಎಂಟರೊಳಗೆ ಮನೆದಾರಿ ಅರ್ಧ ಮುಗಿಸಿರಬೇಕು.

ಅಂದು ಮೊದಲ ಸಲ ಹೋದಾಗ ಏರಿಯ ಮೇಲೆ ನಾವಿಬ್ಬರೇ ಇದ್ದೆವು. ಗಾಳಿಗೆ ಸಣ್ಣ ಅಲೆಗಳು ಬಂದು ಕಲ್ಲುಕಟ್ಟಣೆಗೆ ಬಡಿಯುತ್ತಿದ್ದವು. ದಡದ ಬೇವಿನ ಹೂವು ನೀರಿನ ಅಂಚಿಗೆ ಬಿದ್ದು, ಅಲೆ ಬಂದಾಗ ಒಳಕ್ಕೆ, ಹೋದಾಗ ಹೊರಕ್ಕೆ, ಬಿಳಿಗೆರೆಯಾಗಿ ಆಡುತ್ತಿತ್ತು. ಆಚೆ ಬದಿಯ ತೆಳುನೀರಿನಲ್ಲಿ ಏಳೆಂಟು ಬಣ್ಣದ ಕೊಕ್ಕರೆಗಳು ಕೊಕ್ಕು ಮುಳುಗಿಸಿ ಮೆಲ್ಲಗೆ ನಡೆಯುತ್ತಿದ್ದವು. ಸೂರ್ಯ ಮುಳುಗುವ ಮುನ್ನ ಒಂದೊಂದಾಗಿ ಎದ್ದು, ಕತ್ತು ಚಾಚಿ, ಕಗ್ಗಲಡುವಿನ ದಿಕ್ಕಿಗೆ ತಿರುಗಿದವು. ಅವುಗಳ ಗಂಟಲಲ್ಲಿ ಈ ಕೆರೆಯ ಮೀನು, ಈ ಕೆರೆಯ ನೀರು. ಬೆಳಿಗ್ಗೆ ಮರದ ಮೇಲೆ ಮರಿಗಳಿಗೆ ಸುರಿದ ನೀರು ಹೊರಟ ಜಾಗ ಇಂಥದೇ ಎಂದು ಆಗ ಹೊಳೆಯಿತು.

"ರೀ, ಸಮುದ್ರ ತೋರಿಸ್ತೀನಿ ಅಂದಿದ್ರಲ್ಲ" ಅಂದೆ. "ತೋರಿಸ್ತೀನಿ ಕಣೇ. ಮುಂದಿನ ವರ್ಷ" ಅಂದರು.

ಮುಂದಿನ ವರ್ಷವೂ ಹಕ್ಕಿಗಳು ಬಂದವು ಎಂದು ಸುದ್ದಿ ಕೇಳಿ ನಾವು ಮತ್ತೆ ಶಿರಾ ದಾರಿಯನ್ನೇ ಹಿಡಿದೆವು.